ಪರ-ವಿರೋಧ: ಹೆಂಗಸರಿಗೆ ಉಚಿತ ಬಸ್ ಹೀಗೇ ಮುಂದುವರಿಯಬೇಕಾ?

ಕರ್ನಾಟಕದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಉಚಿತ ಮಾಡಿದ ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್ 11ರಂದು. 2025ರ ಜುಲೈ ಹೊತ್ತಿಗೆ 500 ಕೋಟಿ ಉಚಿತ ಟಿಕೆಟ್ ಆಗಿತ್ತು. ಬಸ್ಸಿನ ಜನವೂ ಹೆಚ್ಚಿದರು, ಸರ್ಕಾರದ ಖರ್ಚೂ ಹೆಚ್ಚಿತು. ಪರವಾಗಿ ಮೈಸೂರು ಕಡೆಯ ಒಬ್ಬ ನಿವೃತ್ತ ಕಂಡಕ್ಟರ್ ಬರೆದಿದ್ದಾರೆ. ವಿರೋಧವಾಗಿ ಬರೆದವರು ಕೊಪ್ಪ ಸೀಮೆಯ ಒಬ್ಬ ಕಾಮರ್ಸ್ ಉಪನ್ಯಾಸಕಿ.

ಪರ

ಖಾಲಿ ಸೀಟಿಗೂ ಡೀಸೆಲ್ ಅಷ್ಟೇ

ನಾನು 29 ವರ್ಷ ಕಂಡಕ್ಟರ್ ಆಗಿದ್ದವನು. 1995ರಲ್ಲಿ ಸೇರಿದಾಗ ಕೈಯಲ್ಲಿ ಟಿಕೆಟ್ ಟ್ರೇ, ಬಾಯಲ್ಲಿ ಸೀಟಿ. 2024ರಲ್ಲಿ ಬ್ಯಾಗ್ ಒಪ್ಪಿಸಿ ಡಿಪೋದಿಂದ ಹೊರಗೆ ಬಂದಾಗ ಟ್ರೇ ಹೋಗಿ ಮೆಷಿನ್ ಬಂದಿತ್ತು. ಬಸ್ಸಿನ ಬಣ್ಣ ಬದಲಾಗಿತ್ತು, ನನ್ನ ತಲೆಯ ಬಣ್ಣವೂ ಬದಲಾಗಿತ್ತು. ಒಂದು ಲೆಕ್ಕ ಮಾತ್ರ ಹಾಗೇ ಉಳಿದಿತ್ತು. ಗಾಡಿಯಲ್ಲಿ ಹತ್ತು ಜನ ಇದ್ದರೂ ಐವತ್ತು ಜನ ಇದ್ದರೂ ಡೀಸೆಲ್ ಹೆಚ್ಚುಕಮ್ಮಿ ಅಷ್ಟೇ ಕುಡಿಯುತ್ತದೆ. ಡ್ರೈವರ್ ಸಂಬಳ ಅಷ್ಟೇ. ನನ್ನ ಸಂಬಳವೂ ಅಷ್ಟೇ.

ಈ ಲೆಕ್ಕ ತಲೆಗೆ ಹತ್ತಿದವರಿಗೆ ಶಕ್ತಿ ಯೋಜನೆ ಬೇಗ ಅರ್ಥವಾಗುತ್ತದೆ. ಹತ್ತದವರು ಇನ್ನೂ "ಬಿಟ್ಟಿ, ಬಿಟ್ಟಿ" ಅಂತ ಕೂಗುತ್ತಿದ್ದಾರೆ.

ನಾನು ಜಾಸ್ತಿ ಓಡಾಡಿದ್ದು ಟಿ. ನರಸೀಪುರ–ಮೈಸೂರು ರೂಟಿನಲ್ಲಿ. ದಾರಿಯಲ್ಲಿ ವರುಣ ಸಿಗುತ್ತದೆ, ಶಕ್ತಿ ಶುರುವಾದಾಗ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರ ಕ್ಷೇತ್ರ. ಅದಕ್ಕೇ ಹೊಗಳುತ್ತಿದ್ದಾನೆ ಅಂತ ಅಂದುಕೊಳ್ಳಬೇಡಿ. ಆ ರೂಟಿನಲ್ಲಿ ಎಲ್ಲ ಪಕ್ಷದವರೂ ನನ್ನ ಹತ್ತಿರ ಚಿಲ್ಲರೆಗೆ ಜಗಳ ಆಡಿದ್ದಾರೆ. ಬೆಳಿಗ್ಗೆ ಫಸ್ಟ್ ಟ್ರಿಪ್ಪು, ಸಾಯಂಕಾಲದ ಟ್ರಿಪ್ಪು ತುಂಬಿರುತ್ತಿತ್ತು. ಹನ್ನೊಂದು ಗಂಟೆಯಿಂದ ಮೂರು ಗಂಟೆವರೆಗೆ ನೋಡಬೇಕಿತ್ತು ನೀವು. ಎಷ್ಟೋ ದಿನ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತು ಟಿಕೆಟ್ ಲೆಕ್ಕದ ವೇಬಿಲ್ ಬರೆದಿದ್ದೇನೆ. ಆ ಖಾಲಿ ಸೀಟಿಗೂ ಸಾರಿಗೆ ನಿಗಮ ಡೀಸೆಲ್ ಸುರಿಯುತ್ತಿತ್ತು. ಆಗ ಯಾರೂ ನಷ್ಟ ಅಂತ ಬಾಯಿ ಬಡಿದುಕೊಳ್ಳಲಿಲ್ಲ. ಈಗ ಅದೇ ಸೀಟಿನಲ್ಲಿ ಒಬ್ಬ ಹೆಂಗಸು ಕೂತಿದ್ದಾಳೆ, ಅವಳ ದುಡ್ಡನ್ನು ಸರ್ಕಾರ ಕಟ್ಟುತ್ತದೆ. ಇದು ನಷ್ಟ ಅಂತೆ!

ಯೋಜನೆ ಬರುವ ಮುಂಚೆ ರಾಜ್ಯದ ನಾಲ್ಕೂ ಸಾರಿಗೆ ನಿಗಮ ಸೇರಿ ದಿನಕ್ಕೆ ಸುಮಾರು 85 ಲಕ್ಷ ಜನ ಓಡಾಡುತ್ತಿದ್ದರು. ಬಂದ ಮೇಲೆ ಅದು ಒಂದು ಕೋಟಿ ದಾಟಿತು. ಅರ್ಧಕ್ಕಿಂತ ಜಾಸ್ತಿ ಹೆಂಗಸರು. ಈ ಜನ ಎಲ್ಲಿದ್ದರು ಇಷ್ಟು ದಿನ? ಕೆಲವರು ಟೆಂಪೊದಲ್ಲಿ ತೂಗಾಡುತ್ತಿದ್ದರು. ಕೆಲವರು ನಡೆಯುತ್ತಿದ್ದರು. ತುಂಬಾ ಜನ ಮನೆ ಬಿಟ್ಟು ಹೊರಡುತ್ತಲೇ ಇರಲಿಲ್ಲ. ನಡೆಯುತ್ತಿದ್ದವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಒಬ್ಬರ ಬಗ್ಗೆ ಹೇಳುತ್ತೇನೆ.

ವರುಣದ ಆಚೆ ಒಂದು ಹಳ್ಳಿ. ಅಲ್ಲಿಂದ ಒಬ್ಬ ಸೊಪ್ಪಿನವ್ವ ಬರುತ್ತಿದ್ದಳು. ಮೈಸೂರಿನ ದೇವರಾಜ ಮಾರ್ಕೆಟ್ಟಿನ ಹತ್ತಿರ ಕೂತು ದಂಟು, ಕೀರೆ, ಸಬ್ಬಸಿಗೆ ಮಾರುವವಳು. ಅವಳ ಊರಿನ ಸ್ಟಾಪಿನಲ್ಲೇ ಬಸ್ ನಿಲ್ಲುತ್ತದೆ. ಆದರೆ ಅವಳು ಅಲ್ಲಿ ಹತ್ತುತ್ತಿರಲಿಲ್ಲ. ತಲೆ ಮೇಲೆ ಮಂಕರಿ ಹೊತ್ತು ಮುಂದಿನ ಸ್ಟಾಪಿನವರೆಗೆ ನಡೆದು ಅಲ್ಲಿ ಹತ್ತುತ್ತಿದ್ದಳು. ಯಾಕೆ ಗೊತ್ತಾ? ಸ್ಟೇಜ್. ದಾರಿಯನ್ನು ತುಂಡು ತುಂಡು ಮಾಡಿ ಸ್ಟೇಜ್ ಅನ್ನುತ್ತಾರೆ, ಬಸ್ಸಿನ ದರ ನಿಂತಿರುವುದೇ ಅದರ ಮೇಲೆ. ಅವಳ ಊರಿನಿಂದ ಹತ್ತಿದರೆ ಒಂದು ಸ್ಟೇಜ್ ಜಾಸ್ತಿ. ಮೈಸೂರು ಒಳಗೂ ಅಷ್ಟೇ, ಒಂದು ಸ್ಟೇಜ್ ಮುಂಚೆ ಇಳಿದು ಉಳಿದದ್ದು ನಡಿಗೆ. ಎರಡೂ ಕಡೆ ಸೇರಿ ಉಳಿಯುತ್ತಿದ್ದದ್ದು ಐದೋ ಆರೋ ರೂಪಾಯಿ. "ಯಾಕವ್ವಾ ಇಷ್ಟು ಕಷ್ಟ?" ಅಂತ ಒಂದು ಸಲ ಕೇಳಿದೆ. "ಒಂದ್ ಕಟ್ಟು ಸೊಪ್ಪಿನ್ ಲಾಭ ಕಣಣ್ಣ ಅದು" ಅಂದಳು. ನಾನು ಮುಂದೆ ಕೇಳಲಿಲ್ಲ.

ಜೂನ್ 11 ಭಾನುವಾರ. ಉಚಿತ ಶುರುವಾಗುವುದು ಮಧ್ಯಾಹ್ನ ಒಂದು ಗಂಟೆಯಿಂದ. ನಮ್ಮ ಗಾಡಿ ಮೈಸೂರು ಸ್ಟ್ಯಾಂಡ್ ಬಿಡಬೇಕಾದದ್ದು 12.50ಕ್ಕೆ. ಸೊಪ್ಪಿನವ್ವ ಖಾಲಿ ಮಂಕರಿ ಹಿಡಿದು ಹತ್ತಿ ಕೂತಳು. ಜೊತೆಗೆ ಇನ್ನೂ ಇಪ್ಪತ್ತು ಹೆಂಗಸರು. ನಾನು ಮೆಷಿನ್ ಹಿಡಿದು ಹೋದೆ. "ಇನ್ನ ಹತ್ ನಿಮ್ಸ ಬುಡಣ್ಣ, ಆಮ್ಯಾಕೆ ಟಿಕೆಟ್ ಹರಿ" ಅಂದಳು. ಎಲ್ಲರೂ ನಕ್ಕರು. ನಾನು ರೂಲ್ಸ್ ಅಂದೆ. ನಮ್ಮ ಡ್ರೈವರ್ ಒಂದು ಮಾತೂ ಆಡದೆ ಇಳಿದು ಟೀ ಕುಡಿಯೋಕೆ ಹೋದ. ಆವತ್ತು ಟೀ ಬಹಳ ಬಿಸಿ ಇತ್ತು ಅಂತ ಕಾಣುತ್ತೆ. ಕಂಟ್ರೋಲರ್ ಮೈಕಿನಲ್ಲಿ ಎರಡು ಸಲ ಕೂಗಿದರು. ಗಾಡಿ ಬಿಟ್ಟಾಗ ಒಂದು ಗಂಟೆ ಎರಡು ನಿಮಿಷ. ಮೊದಲ ಸೊನ್ನೆ ಟಿಕೆಟ್ ಹರಿದು ಆ ಅವ್ವನ ಕೈಗೆ ಕೊಟ್ಟೆ. ಅವಳು ಅದನ್ನು ಎರಡು ಸಲ ತಿರುಗಿಸಿ ನೋಡಿ, ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡಳು. ಆವತ್ತು ಅವಳು ತನ್ನ ಊರಿನ ಸ್ಟಾಪಿನಲ್ಲೇ ಇಳಿದಳು.

ಈಗ ವಿರೋಧಿಗಳ ಮಾತಿಗೆ ಬರೋಣ. ಮೊದಲನೆಯವರು ಸೀಟಿನ ಮಹಾಶಯರು. "ಕಾಸು ಕೊಟ್ಟ ನಾವು ನಿಂತಿದ್ದೇವೆ, ಕಾಸು ಕೊಡದವರು ಕೂತಿದ್ದಾರೆ." ಸ್ವಾಮಿ, ನೀವು ಟಿಕೆಟ್ ತಗೊಂಡದ್ದು ಊರು ಮುಟ್ಟುವುದಕ್ಕೆ, ಸೀಟನ್ನು ಕ್ರಯಕ್ಕೆ ತಗೊಂಡಿಲ್ಲ. ಬೆಂಗಳೂರಿನ ಸಿಟಿ ಬಸ್ ಬಿಟ್ಟು ಉಳಿದ ಕಡೆ ಅರ್ಧ ಸೀಟು ಗಂಡಸರಿಗೆ ಅಂತ ಆದೇಶವೇ ಇದೆ. ನಿಜ ಹೇಳುತ್ತೇನೆ, ಅದು ಕಾಗದದ ಮೇಲೆ ಇದೆ. ಅದನ್ನು ಜಾರಿ ಮಾಡೋಕೆ ಹೋಗಿ ಮರ್ಯಾದೆ ಉಳಿಸಿಕೊಂಡು ಮನೆಗೆ ಹೋದ ಕಂಡಕ್ಟರನ್ನು ನಾನು ನೋಡಿಲ್ಲ.

ಎರಡನೆಯವರು ದೇವಸ್ಥಾನದ ತಕರಾರಿನವರು. ಹೆಂಗಸರು ಧರ್ಮಸ್ಥಳಕ್ಕೆ ಹೋದರು, ಕುಕ್ಕೆಗೆ ಹೋದರು, ಮಾದಪ್ಪನ ಬೆಟ್ಟಕ್ಕೆ ಹೋದರು, ನೂಕುನುಗ್ಗಲು ಆಯಿತು, ಬಸ್ಸಿನ ಬಾಗಿಲೇ ಕಿತ್ತು ಬಂತು. ಹೌದು, ಮೊದಲ ಎರಡು ಮೂರು ತಿಂಗಳು ಶನಿವಾರ ಭಾನುವಾರ ನನ್ನ ಅಂಗಿಯ ಗುಂಡಿ ಉಳಿಯುತ್ತಿರಲಿಲ್ಲ. ಗಂಡಸರು ಗೆಳೆಯರ ಜೊತೆ ಜೀಪು ಮಾಡಿಕೊಂಡು ಹೋದರೆ ಟೂರು. ನಲವತ್ತು ವರ್ಷ ಒಲೆ ಮುಂದೆ ಕೂತವಳು ಒಂದು ಸಲ ಮಂಜುನಾಥನ ಮುಖ ನೋಡಿ ಬಂದರೆ ದುಂದು. ಇದು ಯಾವ ನ್ಯಾಯ?

ಇನ್ನು ಸರ್ಕಾರ ನಿಗಮಕ್ಕೆ ಪೂರ್ತಿ ದುಡ್ಡು ಕೊಡುತ್ತಿಲ್ಲ, ತಡ ಮಾಡುತ್ತದೆ ಅನ್ನುವ ಮಾತು. ಬಾಡಿಗೆದಾರ ಬಾಡಿಗೆ ತಡ ಮಾಡಿದ ಅಂತ ಯಾರಾದರೂ ಮನೆ ಕೆಡವುತ್ತಾರಾ? ಕೇಳಿ ವಸೂಲಿ ಮಾಡಬೇಕು. ಮುಗೀತು.

ಬಸ್ಸೇ ಇಲ್ಲದ ಊರಿಗೆ ಉಚಿತ ಟಿಕೆಟ್ ಯಾಕೆ ಅಂತಲೂ ಕೆಲವರು ಕೇಳುತ್ತಾರೆ. ಪಕ್ಕದ ಮನೆಯಲ್ಲಿ ಒಲೆ ಹತ್ತಿಲ್ಲ ಅಂತ ಉಣ್ಣುವವರ ತಟ್ಟೆ ಕಿತ್ತುಕೊಳ್ಳಬೇಕಾ? ಇದಕ್ಕೆ ಇಷ್ಟು ಉತ್ತರ ಸಾಕು.

ದುಡ್ಡಿನ ಮಾತು ಅಂದರೆ ನನಗೆ ನಿಜಕ್ಕೂ ಸಿಟ್ಟು ಬರುವುದು ಇಲ್ಲಿ. ಶಕ್ತಿಗೆ ವರ್ಷಕ್ಕೆ 5 ಸಾವಿರ ಕೋಟಿ ಅಂದ ಕೂಡಲೇ ಹುಬ್ಬು ಏರಿಸುವ ಜನ, ಬೆಂಗಳೂರಿನಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುರಂಗ ರಸ್ತೆ ಅಂದರೆ ತಲೆ ಆಡಿಸುತ್ತಾರೆ. ಸುಮಾರು 17 ಕಿಲೋಮೀಟರ್ ಉದ್ದ, ಅಂದಾಜು ಖರ್ಚು 17 ಸಾವಿರ ಕೋಟಿಗೂ ಮೇಲೆ. ಯಾರಿಗೆ? ಕಾರಿನವರಿಗೆ. ಆ ದುಡ್ಡಿನಲ್ಲಿ ಇಡೀ ರಾಜ್ಯದ ಹೆಂಗಸರು ಮೂರು ವರ್ಷ ಓಡಾಡಬಹುದು. ಕಾರಿಗೆ ಕೊಟ್ಟರೆ ಅಭಿವೃದ್ಧಿ, ಬಸ್ಸಿಗೆ ಕೊಟ್ಟರೆ ಬಿಟ್ಟಿ ಭಾಗ್ಯ. ಎರಡಕ್ಕೂ ಓಡಾಡುತ್ತಿರುವುದು ಒಂದೇ ಸರ್ಕಾರ ಅನ್ನುವುದು ಬೇರೆ ತಮಾಷೆ. ಕಾರಿನವರಿಗೆ ದನಿ ಎತ್ತುವ ಜನ ಇದ್ದಾರೆ. ಖಾಸಗಿ ವಾಹನದವರಿಗೂ ಸಂಘ ಇದೆ. 2023ರ ಸೆಪ್ಟೆಂಬರ್ 11ರಂದು ಅವರು ಬೆಂಗಳೂರು ಬಂದ್ ಮಾಡಿದ್ದನ್ನು ನೋಡಿದಿರಲ್ಲ. ನಮ್ಮ ಕೆಂಪು ಬಸ್ಸಿನ ಪ್ರಯಾಣಿಕರಿಗೆ ಯಾವ ಸಂಘ ಇದೆ?

ದರಕ್ಕೂ ಜನಕ್ಕೂ ಇರುವ ಸಂಬಂಧ ನೋಡಬೇಕಾದರೆ ಮೆಟ್ರೊ ನೋಡಿ. 2025ರ ಫೆಬ್ರವರಿಯಲ್ಲಿ ದರ ಏರಿಸಿದರು, 60 ರೂಪಾಯಿ ಇದ್ದ ಗರಿಷ್ಠ ಟಿಕೆಟ್ 90 ಆಯಿತು. ಆಮೇಲೆ ಜನ ಕಮ್ಮಿಯಾದರು. ಅದೇ ರೈಲು, ಅದೇ ಕರೆಂಟು, ಸೀಟು ಮಾತ್ರ ಖಾಲಿ. ನಾನು ಮೊದಲೇ ಹೇಳಲಿಲ್ಲವಾ? ಖಾಲಿ ಸೀಟಿಗೂ ಖರ್ಚು ಅಷ್ಟೇ.

ಬೇರೆ ರಾಜ್ಯಗಳೂ ದಡ್ಡರ ಕೂಟವೇನಲ್ಲ. ದೆಹಲಿ 2019ರಲ್ಲೇ ಶುರು ಮಾಡಿತ್ತು, ತಮಿಳುನಾಡು 2021ರಲ್ಲಿ. ನಮ್ಮದನ್ನು ನೋಡಿ 2023ರ ಡಿಸೆಂಬರಿನಲ್ಲಿ ತೆಲಂಗಾಣ ಶುರು ಮಾಡಿತು. 2025ರ ಆಗಸ್ಟ್ 15ಕ್ಕೆ ಆಂಧ್ರವೂ ಬಂತು. ಅಲ್ಲಿ ಬೇರೆ ಬೇರೆ ಪಕ್ಷದವರಿದ್ದಾರೆ.

ಅಷ್ಟಕ್ಕೂ ಸರ್ಕಾರ ಬಸ್ ಓಡಿಸಲು ಹೊರಟದ್ದು ಲಾಭಕ್ಕಾ? 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರ 120 ಬಸ್ ಇಟ್ಟುಕೊಂಡು ಈ ಕೆಲಸ ಶುರು ಮಾಡಿತು. ಲಾಭ ಬೇಕಿದ್ದರೆ ಗಂಧದೆಣ್ಣೆ ಮಾರಿಕೊಂಡು ಸುಮ್ನೆ ಇರಬಹುದಿತ್ತು.

ಹೋದ ತಿಂಗಳು ಮಾರ್ಕೆಟ್ಟಿಗೆ ಹೋಗಿದ್ದೆ. ಸೊಪ್ಪಿನವ್ವ ಅಲ್ಲೇ ಇದ್ದಳು. ಈಗ ದಿನಕ್ಕೆ ಎರಡು ಸಲ ಬರುತ್ತಾಳಂತೆ, ಬೆಳಿಗ್ಗೆ ಸೊಪ್ಪು, ಮಧ್ಯಾಹ್ನದ ಮೇಲೆ ನಿಂಬೆಹಣ್ಣು. ಎರಡು ಕಟ್ಟು ದಂಟು ತೆಗೆದು ನನ್ನ ಚೀಲಕ್ಕೆ ತುರುಕಿದಳು. ದುಡ್ಡು ಕೊಡಲು ಹೋದರೆ ಕೈ ತಳ್ಳಿದಳು. "ಪುಕ್ಸಟ್ಟೆ ಟಿಕೆಟ್ ಹರ್ಕೊಟ್ಟಿಲ್ವಾ ನೀನು?" ಅದು ನಾನು ಕೊಟ್ಟದ್ದಲ್ಲ, ಸರ್ಕಾರದ್ದು ಕಣವ್ವ ಅಂದೆ. ಕೇಳಲಿಲ್ಲ.

ವಿರೋಧ

ಲೆಕ್ಕ ಕೇಳಿದರೆ ಹೇಳಬೇಕಲ್ಲ

ಮೊದಲೇ ಹೇಳಿಬಿಡುತ್ತೇನೆ, ಈ ಪಕ್ಷ ನಾನಾಗಿ ಆರಿಸಿಕೊಂಡದ್ದಲ್ಲ. ನನಗಿಂತ ಮುಂಚೆ ಇಬ್ಬರು ಗಂಡಸರನ್ನು ಕೇಳಿದ್ದರಂತೆ. ಮನೆಯಲ್ಲಿ ಊಟ ಸಿಗಲ್ಲ ಅಂತ ಇಬ್ಬರೂ ಜಾರಿಕೊಂಡರು. "ಮೇಡಂ, ನೀವು ಕಾಮರ್ಸ್ ಹೇಳಿಕೊಡೋರು. ಬರೀ ಲೆಕ್ಕ ಬರೆದರೂ ಸಾಕು" ಅಂದರು. ಹಾಗಾಗಿ ಲೆಕ್ಕ.

500 ಕೋಟಿ ಟಿಕೆಟ್ ಆದಾಗ ಅವುಗಳ ಬೆಲೆ 12 ಸಾವಿರ ಕೋಟಿ ರೂಪಾಯಿ ದಾಟಿತ್ತು. ಭಾಗಿಸಿದರೆ ಒಂದು ಟಿಕೆಟ್ಟಿಗೆ ಸರಾಸರಿ ಸುಮಾರು 25 ರೂಪಾಯಿ. ಕೇಳಲು ಸಣ್ಣ ಮೊತ್ತ. ಆದರೆ ಡೆಬಿಟ್ ಇದ್ದ ಕಡೆ ಕ್ರೆಡಿಟ್ ಇರಲೇಬೇಕು ಅಂತ ನಾನು ಪ್ರತಿ ಜೂನ್‌ನಲ್ಲಿ ಹೊಸ ಮಕ್ಕಳಿಗೆ ಹೇಳುತ್ತೇನೆ. ಯಾರೋ ಒಬ್ಬರ ಉಚಿತ ಇನ್ಯಾರದೋ ಖರ್ಚು.

ಆ ಇನ್ಯಾರೋ ಯಾರು? ಒಂದು, ಗಂಡಸರು. 2025ರ ಜನವರಿ 5ರಿಂದ ನಾಲ್ಕೂ ನಿಗಮದ ಟಿಕೆಟ್ ದರ ಶೇಕಡ 15ರಷ್ಟು ಏರಿತು. ಹೆಂಡತಿಯ ಟಿಕೆಟ್ ಉಳಿಯಿತು, ಗಂಡನ ಟಿಕೆಟ್ ಏರಿತು, ಮನೆಯ ಪರ್ಸ್ ಒಂದೇ. ಎರಡು, ನಿಗಮಗಳೇ. ಅದೇ ಹೊತ್ತಿಗೆ ಅವು 2 ಸಾವಿರ ಕೋಟಿ ಸಾಲ ಎತ್ತಲು ಸರ್ಕಾರ ಒಪ್ಪಿಗೆ ಕೊಟ್ಟಿತು. ಸಾಲ ಯಾಕೆ? ಭವಿಷ್ಯ ನಿಧಿ ಬಾಕಿ ಮತ್ತು ಡೀಸೆಲ್ ಬಾಕಿ ತೀರಿಸಲು. ಹೊಸ ಬಸ್ಸಿಗೆ ಸಾಲ ಮಾಡಿದರೆ ಅದು ಬಂಡವಾಳ. ಸುಟ್ಟುಹೋದ ಡೀಸೆಲ್ಲಿಗೆ ಸಾಲ ಮಾಡಿದರೆ ಅದಕ್ಕೆ ನನ್ನ ಸಿಲೆಬಸ್ಸಿನಲ್ಲಿ ಒಳ್ಳೆಯ ಹೆಸರಿಲ್ಲ.

(ಶಕ್ತಿಗೆ ಮುಂಚೆಯೂ ನಿಗಮಗಳು ನಷ್ಟದಲ್ಲೇ ಇದ್ದವು, ಕೊರೊನಾ ಬೇರೆ ಬಡಿದಿತ್ತು, ದರವನ್ನು ವರ್ಷಗಟ್ಟಲೆ ಏರಿಸಿರಲಿಲ್ಲ. ಇದನ್ನು ಹೇಳಿದರೆ ನನ್ನ ಪಕ್ಷಕ್ಕೇ ಪೆಟ್ಟು. ಆದ್ದರಿಂದ ಬ್ರಾಕೆಟ್ಟಿನಲ್ಲಿ ಹೇಳಿದ್ದೇನೆ.)

ಮೂರು, ನೌಕರರು. 2025ರ ಆಗಸ್ಟ್ 5ರಂದು ಸಾರಿಗೆ ನೌಕರರು ಮುಷ್ಕರಕ್ಕೆ ಇಳಿದರು. 2020ರಿಂದ ಲೆಕ್ಕಕ್ಕೆ ಬರಬೇಕಿದ್ದ ಸಂಬಳ ಏರಿಕೆಯ 38 ತಿಂಗಳ ಹಿಂಬಾಕಿ ಅವರ ಮುಖ್ಯ ಬೇಡಿಕೆ. ಹೈಕೋರ್ಟ್ ಮಧ್ಯೆ ಬಂದು ಮುಷ್ಕರ ಒಂದೇ ದಿನದಲ್ಲಿ ಮುಗಿಯಿತು. ಆ ದಿನ ಟಿಕೆಟ್ ಉಚಿತವಾಗಿಯೇ ಇತ್ತು. ಎಷ್ಟೋ ಊರಿನಲ್ಲಿ ಹತ್ತಲು ಬಸ್ ಇರಲಿಲ್ಲ. ಟಿಕೆಟನ್ನು ಉಚಿತ ಮಾಡಬಹುದು. ಡ್ರೈವರನ್ನು, ಟೈರನ್ನು, ಡೀಸೆಲ್ಲನ್ನು ಯಾರೂ ಉಚಿತವಾಗಿ ಕೊಡುವುದಿಲ್ಲ.

ಖಾಲಿ ಸೀಟು ತುಂಬಿತು ಅಂತ ಪರದವರು ಹೇಳುತ್ತಾರೆ. ಯಾವ ಖಾಲಿ ಸೀಟು? ಸೋಮವಾರ ಬೆಳಿಗ್ಗೆ ಎಂಟೂವರೆಗೆ ಖಾಲಿ ಸೀಟು ಕಂಡವರು ಯಾರಾದರೂ ಇದ್ದರೆ ಅವರ ಫೋಟೊ ತೆಗೆದು ಕಾಲೇಜಿನಲ್ಲಿ ತೂಗು ಹಾಕಬೇಕು. ನಮ್ಮ ಹುಡುಗರು ದುಡ್ಡು ಕಟ್ಟಿ ಪಾಸು ಮಾಡಿಸಿ ಬಾಗಿಲಲ್ಲಿ ನೇತಾಡುತ್ತಾರೆ. ಮೊದಲ ಪೀರಿಯಡ್ಡಿನ ಹಾಜರಿ ನನಗೆ ಗೊತ್ತು.

ಶ್ರೀಮಂತರಿಗೂ ಉಚಿತ ಯಾಕೆ ಅನ್ನುವ ವಾದವೂ ಒಂದಿದೆ. ಬರೆಯಬೇಕು ಅಂತ ಬರೆಯುತ್ತಿದ್ದೇನೆ. ಶ್ರೀಮಂತರು ಕೆಂಪು ಬಸ್ ಹತ್ತುವುದನ್ನು ನಾನು ನೋಡಿಲ್ಲ. ಐರಾವತ, ರಾಜಹಂಸಕ್ಕೆ ಹೇಗೂ ಉಚಿತ ಇಲ್ಲ. 2024ರ ಕೊನೆಯಲ್ಲಿ ಉಪಮುಖ್ಯಮಂತ್ರಿ ಶಿವಕುಮಾರ್ ಅವರು, ದುಡ್ಡು ಕೊಡುತ್ತೇವೆ ಅಂತ ಕೆಲವು ಹೆಂಗಸರೇ ಹೇಳುತ್ತಿದ್ದಾರೆ, ಯೋಚನೆ ಮಾಡೋಣ ಅಂದಿದ್ದರು. ಮರುಪರಿಶೀಲನೆ ಇಲ್ಲ ಅಂತ ಮುಖ್ಯಮಂತ್ರಿಗಳು ಕೂಡಲೇ ಹೇಳಿದರು. ಅಲ್ಲಿಗೆ ಆ ಮಾತು ನಿಂತಿತು.

ಇಲ್ಲಿಯವರೆಗೆ ಬರೆದದ್ದು ಕೇಳಿದವರಿಗಾಗಿ. ಇನ್ನು ನನ್ನದು.

ನಾನಿರುವುದು ಕೊಪ್ಪದ ಕಡೆ. ಇಲ್ಲಿ ಸಹಕಾರ ಸಾರಿಗೆ ಅಂತ ಒಂದಿತ್ತು. ಖಾಸಗಿ ಕಂಪನಿಯೊಂದು ಬಾಗಿಲು ಹಾಕಿದಾಗ ಅದರ ಕಾರ್ಮಿಕರೇ ಒಟ್ಟಾಗಿ 1991ರಲ್ಲಿ ಕಟ್ಟಿದ ಸಂಸ್ಥೆ. ಡ್ರೈವರೂ ಅವರೇ, ಮಾಲೀಕರೂ ಅವರೇ. ಯಾವ ಬಸ್ಸೂ ಬಾರದ ಮಣ್ಣುರಸ್ತೆಗೆ ಆ ಬಸ್ ಬರುತ್ತಿತ್ತು. ವಿದ್ಯಾರ್ಥಿಗಳಿಗೆ ರಿಯಾಯಿತಿ ಇತ್ತು. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಆಚೆ ಬದಿಯಲ್ಲಿ ಕಾದು ನಿಂತು ಮಕ್ಕಳನ್ನು ಹತ್ತಿಸಿಕೊಂಡು ಹೋಗುತ್ತಿದ್ದ ಡ್ರೈವರ್ ಒಬ್ಬರು ನನಗೆ ಇನ್ನೂ ನೆನಪಿದ್ದಾರೆ. ನಾನು ಓದಿ ಉಪನ್ಯಾಸಕಿ ಆದದ್ದು ಆ ಬಸ್ಸಿನಿಂದ. ಡೀಸೆಲ್ ಏರಿತು, ಖರ್ಚು ಏರಿತು, ಬೈಕುಗಳು ಬಂದವು. 2020ರಲ್ಲಿ ಅದು ನಿಂತೇ ಹೋಯಿತು. ಆಗ ಅದನ್ನು ಉಳಿಸಲು ಎಷ್ಟು ಬೇಕಿತ್ತು? ಶಕ್ತಿಯ ಲೆಕ್ಕದ ಪಕ್ಕದಲ್ಲಿ ಇಟ್ಟರೆ ಅದು ಚಿಲ್ಲರೆ.

ಸರ್ಕಾರಿ ಬಸ್ ಇಲ್ಲಿ ಮುಖ್ಯ ರಸ್ತೆಯಲ್ಲಿ ಹೋಗುತ್ತದೆ. ಒಳಗಿನ ಊರುಗಳಿಗೆ ಖಾಸಗಿ ಬಸ್ ಇದ್ದರೆ ಉಂಟು, ಇಲ್ಲದಿದ್ದರೆ ಆಟೊ, ಇಲ್ಲದಿದ್ದರೆ ಕಾಲು. ಮಂಗಳೂರು, ಉಡುಪಿ ಕಡೆಯೂ ಖಾಸಗಿ ಬಸ್ಸಿನದೇ ಕಾರುಬಾರು. ಅಲ್ಲಿನ ಹೆಂಗಸರೂ ಟಿಕೆಟ್ ತಗೊಂಡೇ ಓಡಾಡುತ್ತಾರೆ. ನನ್ನ ಕ್ಲಾಸಿನಲ್ಲಿ ಇಬ್ಬರು ಹುಡುಗಿಯರು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಒಬ್ಬಳ ಊರಿಗೆ ಕೆಂಪು ಬಸ್ ಇದೆ, ಇನ್ನೊಬ್ಬಳ ಊರಿಗೆ ಇಲ್ಲ. ಒಬ್ಬಳಿಗೆ ಸೊನ್ನೆ, ಇನ್ನೊಬ್ಬಳಿಗೆ ತಿಂಗಳಿಗೆ ಸಾವಿರದ ಹತ್ತಿರ. ಇಬ್ಬರ ಅಪ್ಪಂದಿರೂ ಅಡಿಕೆ ತೋಟಕ್ಕೆ ಕೂಲಿಗೆ ಹೋಗುವವರೇ.

ನನ್ನ ಅಮ್ಮ ಬಿಪಿ ಮಾತ್ರೆಗೆ ತಿಂಗಳಿಗೊಮ್ಮೆ ಪೇಟೆಗೆ ಬರುತ್ತಾರೆ. ಯೋಜನೆ ಶುರುವಾದ ವಾರ ಖಾಸಗಿ ಬಸ್ ಹತ್ತಿ ಗತ್ತಿನಿಂದ ಆಧಾರ್ ಕಾರ್ಡ್ ತೋರಿಸಿದರಂತೆ. ಕಂಡಕ್ಟರ್ ಹುಡುಗ ಪಾಪ ಒಳ್ಳೆಯವನು. "ಅಮ್ಮಾ, ಇದು ಸರ್ಕಾರದ್ದಲ್ಲ, ನಮ್ಮ ಸಾವ್ಕಾರ್ರದ್ದು" ಅಂದನಂತೆ. ಅಮ್ಮ ಕಾರ್ಡನ್ನು ಮತ್ತೆ ಪ್ಲಾಸ್ಟಿಕ್ ಕವರಿಗೆ ಹಾಕಿ ದುಡ್ಡು ತೆಗೆದರು. ಮನೆಗೆ ಬಂದು ನನ್ನನ್ನು ಕೇಳಿದರು: "ನಂದೂ ಕರ್ನಾಟಕದ್ದೇ ಕಾರ್ಡಲ್ವನೇ?"

ಇದು ಉಚಿತದ ವಿರುದ್ಧದ ವಾದ ಆಗಲ್ಲ, ಬಸ್ ಕೊಡಿ ಅನ್ನುವ ವಾದ ಆಗುತ್ತೆ ಅಂತ ನೀವು ಹೇಳಬಹುದು. ಇರಬಹುದು. ಆದರೆ ದುಡ್ಡಿನ ಚೀಲ ಒಂದೇ. ವರ್ಷಕ್ಕೆ 5 ಸಾವಿರ ಕೋಟಿಯಲ್ಲಿ ಅರ್ಧ ಟಿಕೆಟ್ಟಿಗೆ ಕೊಟ್ಟು, ಹೆಂಗಸರಿಂದ ಅರ್ಧ ದರ ತಗೊಂಡು, ಉಳಿದ ಅರ್ಧವನ್ನು ಬಸ್ಸಿಗೆ, ಡ್ರೈವರಿಗೆ ಹಾಕಿದ್ದರೆ ನಮ್ಮ ಒಳ ಊರುಗಳಿಗೆ ದಿನಕ್ಕೆ ಎರಡು ಟ್ರಿಪ್ ಆದರೂ ಬರುತ್ತಿತ್ತು. ಇನ್ನೊಂದು ಮಾತು. ದುಡ್ಡು ಕೊಟ್ಟವರು ಬಸ್ ಬರದಿದ್ದರೆ ಡಿಪೋಗೆ ಹೋಗಿ ಜಗಳ ಆಡುತ್ತಾರೆ. ಉಚಿತವಾಗಿ ಹೋಗುವವರು ಬಾಯಿ ಮುಚ್ಚಿಕೊಂಡು ಕಾಯುತ್ತಾರೆ. ಶಿವಮೊಗ್ಗ ಸ್ಟ್ಯಾಂಡಿನಲ್ಲಿ ಒಮ್ಮೆ ಮುಕ್ಕಾಲು ಗಂಟೆ ಕಾದು ಕಂಟ್ರೋಲರ್ ಕೌಂಟರಿಗೆ ಹೋಗಲು ಎದ್ದೆ. ಪಕ್ಕದಲ್ಲಿದ್ದ ಹೆಂಗಸು ಕೈ ಹಿಡಿದು ಕೂರಿಸಿದರು. "ಬ್ಯಾಡ ಬನ್ನಿ ಅಕ್ಕಾ, ಫ್ರೀಯಾಗಿ ಹೋಗೋರು ನಾವು, ಏನಂತ ಕೇಳೋದು?" ಅಂದರು. ನಾನೂ ಕೂತೆ.

ಹೌದು, ಶಿವಮೊಗ್ಗಕ್ಕೆ ಹೋದಾಗ ನಾನೂ ಸೊನ್ನೆ ಟಿಕೆಟ್ಟೇ ತಗೊಳ್ಳುತ್ತೇನೆ. ನನಗೆ ಸರ್ಕಾರಿ ಸಂಬಳ ಇದೆ. ಒಂದು ಸಲ ದುಡ್ಡು ಕೊಡುತ್ತೇನೆ ಅಂತ ಕೈ ಚಾಚಿದೆ. "ಸುಮ್ನೆ ಆಧಾರ್ ತೋರ್ಸಿ ಮೇಡಂ, ಹಿಂದೆ ಜನ ಇದ್ದಾರೆ" ಅಂದರು ಕಂಡಕ್ಟರ್. ಆ ಟಿಕೆಟ್ ಅಕೌಂಟೆನ್ಸಿ ಪುಸ್ತಕದಲ್ಲಿ ಗುರುತಿಗೆ ಇಟ್ಟಿದ್ದೇನೆ.

ಯೋಜನೆ ನಿಲ್ಲಲಿ ಅಂತ ಕೊನೆಗೆ ಒಂದು ಗಟ್ಟಿ ಸಾಲು ಬೇಕು ಅಂತ ಹೇಳಿದ್ದರು. ಬರೆಯಲು ಕೂತೆ, ಹೊತ್ತಾಯಿತು. ನಮ್ಮೂರಿಗೆ ಇರುವುದು 5.10ರ ಖಾಸಗಿ ಬಸ್ ಒಂದೇ, ಅದು ತಪ್ಪಿದರೆ ಮತ್ತೆ ನಾಳೆ ಬೆಳಿಗ್ಗೆ. 25 ರೂಪಾಯಿ ಚಿಲ್ಲರೆ ತೆಗೆದು ಕೈಯಲ್ಲಿ ಇಟ್ಟುಕೊಂಡಿದ್ದೇನೆ.